ಒಂದು ಡ್ರಾಯಿಂಗ್ ಶೀಟ್, ಐದು ಬಟರ್ ಪೇಪರ್: ಅರುಣಾಚಲದ ಇತಿಹಾಸ ಮಕ್ಕಳಿಗೆ ಹೇಳಿಕೊಡುವ ಬಗೆ

ಮೊದಲು ಸಾಮಾನು ಹೇಳುತ್ತೇನೆ. ದೊಡ್ಡದೊಂದು ಬಿಳಿ ಡ್ರಾಯಿಂಗ್ ಶೀಟ್. ಎಂಬ್ರಾಯ್ಡರಿ ಡಿಸೈನ್ ಇಳಿಸಿಕೊಳ್ಳಲು ತರುತ್ತೇವಲ್ಲ, ಆ ಬಟರ್ ಪೇಪರ್ ಐದು ಹಾಳೆ. ನೀಲಿ, ಹಸಿರು, ಕೆಂಪು, ಕಪ್ಪು ಸ್ಕೆಚ್ ಪೆನ್. ಪೆನ್ಸಿಲ್, ಸ್ಕೇಲು, ಬಟ್ಟೆ ಒಣಗಿಸುವ ಕ್ಲಿಪ್ಪು ನಾಲ್ಕು. ನೋಡಿಕೊಳ್ಳಲು ಸರ್ವೆ ಆಫ್ ಇಂಡಿಯಾದ ಒಂದು ನಕ್ಷೆ. ಫೋನಿನ ಮ್ಯಾಪ್ ಈಗಲೇ ತೆಗೆಯಬೇಡಿ. ಅದರಲ್ಲಿ ಗಡಿ ಗೆರೆ ಯಾವ ದೇಶದಿಂದ ನೋಡುತ್ತೀರಿ ಅನ್ನುವುದರ ಮೇಲೆ ಬದಲಾಗುತ್ತದೆ. ಆ ವಿಷಯ ಕೊನೆಗೆ ಮಾತಾಡಲು ಚೆನ್ನಾಗಿರುತ್ತದೆ, ಶುರುವಿನಲ್ಲಿ ಗೊಂದಲ ಮಾಡುತ್ತದೆ.

ಎರಡು ಭಾನುವಾರ ಬೇಕು. ಶಾಲೆಯಲ್ಲಾದರೆ ಆರು ಪೀರಿಯಡ್. ಏಳನೇ ತರಗತಿ ದಾಟಿದ ಮಕ್ಕಳಿಗೆ ಸಲೀಸು. ಚಿಕ್ಕವರಿಗೆ ಮೂರನೇ ಹಾಳೆಯ ಲೆಕ್ಕ ಬಿಟ್ಟರೂ ನಡೆಯುತ್ತದೆ.

ನಾನು ತೀರ್ಥಹಳ್ಳಿ ಕಡೆಯವಳು. 1983ರಲ್ಲಿ ಕೆಲಸ ಸಿಕ್ಕಿ ಅರುಣಾಚಲದ ಪಾಸಿಘಾಟ್‌ಗೆ ಹೋದೆ. ಮುರ್ಕೊಂಗ್‌ಸೆಲೆಕ್‌ವರೆಗೆ ಚಿಕ್ಕ ರೈಲು, ಅಲ್ಲಿಂದ ಬಸ್ಸು, ರುಕ್ಸಿನ್ ಗೇಟಿನಲ್ಲಿ ಪರ್ಮಿಟ್ ತಪಾಸಣೆ. ಹನ್ನೊಂದು ವರ್ಷ ಅಲ್ಲಿ ಸಮಾಜ ಪಾಠ ಮಾಡಿದೆ. ಮೊದಲ ವರ್ಷ ನನ್ನ ನೋಟ್ಸ್ ಶುರುವಾಗುತ್ತಿದ್ದದ್ದು ಹೀಗೆ: "1826, ಯಾಂಡಬೋ ಒಪ್ಪಂದ, ಅಸ್ಸಾಂ ಬ್ರಿಟಿಷರ ಕೈಗೆ." ಎಂಟನೇ ಕ್ಲಾಸಿನ, ಆದಿ ಬುಡಕಟ್ಟಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ, "ಮ್ಯಾಡಮ್, ಅದಕ್ಕಿಂತ ಮುಂಚೆ ನಾವು ಎಲ್ಲಿದ್ವಿ?" ಅವನ ಧ್ವನಿಯಲ್ಲಿ ತುಂಟತನ ಇರಲಿಲ್ಲ. ನಿಜಕ್ಕೂ ತಿಳಿಯಬೇಕಿತ್ತು. ಆ ರಾತ್ರಿ ನೋಟ್ಸ್ ಪಕ್ಕಕ್ಕಿಟ್ಟು ಬಿಳಿ ಹಾಳೆ ತೆಗೆದುಕೊಂಡೆ. ಈಗ ಹೇಳುತ್ತಿರುವ ಕ್ರಮ ಆಮೇಲಿನ ವರ್ಷಗಳಲ್ಲಿ ಮಕ್ಕಳ ಜೊತೆ ಕೂತು ಬೆಳೆದದ್ದು: ಕೆಳಗೆ ನದಿ, ಜನರ ಶೀಟ್, ಅದರ ಮೇಲೆ ಇತಿಹಾಸದ ಒಂದೊಂದು ಭಾಗಕ್ಕೆ ಒಂದೊಂದು ಬಟರ್ ಪೇಪರ್. ಈಗ ಊರಿನಲ್ಲಿ, ಬೇಸಿಗೆ ರಜೆಗೆ ಬರುವ ಮಕ್ಕಳಿಗೆ ಇದನ್ನೇ ಮಾಡಿಸುತ್ತೇನೆ.

ಡ್ರಾಯಿಂಗ್ ಶೀಟ್: ನದಿ, ಆಮೇಲೆ ಜನ

ಶೀಟನ್ನು ಅಡ್ಡ ಇಡಿ. ಕೆಳಗಡೆ ಬಲದಿಂದ ಎಡಕ್ಕೆ ದಪ್ಪ ನೀಲಿ ಗೆರೆ ಎಳೆಯಿರಿ. ಅದು ಬ್ರಹ್ಮಪುತ್ರ, ಅಸ್ಸಾಮಿನ ಬಯಲು. ಈಗ ಮೇಲಿನಿಂದ ಕೆಳಕ್ಕೆ ನದಿಗಳನ್ನು ಇಳಿಸಿ. ಎಡದಿಂದ ಕಾಮೆಂಗ್, ಸುಬನ್‌ಸಿರಿ, ಸಿಯಾಂಗ್, ದಿಬಾಂಗ್, ಲೋಹಿತ್. ಬಲ ಮೂಲೆಯಲ್ಲಿ ತಿರಪ್. ಸಿಯಾಂಗ್ ಹಾಳೆಯ ಮೇಲಂಚು ದಾಟಿ ಹೋಗಲಿ. ಅದು ಟಿಬೆಟ್‌ನಲ್ಲಿ ಸಾಂಗ್‌ಪೋ ಹೆಸರಿನಲ್ಲಿ ಪೂರ್ವಕ್ಕೆ ಹರಿದು, 7,782 ಮೀಟರ್ ಎತ್ತರದ ನಮ್ಚಾ ಬರ್ವಾ ಪರ್ವತವನ್ನು ಬಳಸಿ, ಗಕ್ಕನೆ ದಕ್ಷಿಣಕ್ಕೆ ತಿರುಗುತ್ತದೆ. ಪಾಸಿಘಾಟ್ ಹತ್ತಿರ ಬಯಲಿಗೆ ಬೀಳುತ್ತದೆ. ಮುಂದೆ ದಿಬಾಂಗ್, ಲೋಹಿತ್ ಸೇರಿ ಬ್ರಹ್ಮಪುತ್ರ.

ಗೆರೆ ಎಳೆದ ಮೇಲೆ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ. ಸುಬನ್‌ಸಿರಿ ಕಣಿವೆಯವರು ಸಿಯಾಂಗ್ ಕಣಿವೆಗೆ ಹೋಗಬೇಕಾದರೆ ದಾರಿ ಯಾವುದು? ಮಕ್ಕಳು ನೇರ ಅಡ್ಡಗೆರೆ ಎಳೆಯುತ್ತಾರೆ. ಆ ಗೆರೆಗೆ ಎರಡು ಮೂರು ಸಾಲು ಕಡಿದಾದ ಬೆಟ್ಟ, ದಟ್ಟ ಕಾಡು ಅಡ್ಡ ಬರುತ್ತದೆ ಎಂದು ತೋರಿಸಿ. ನನ್ನ ಕಾಲದಲ್ಲೂ ಪಾಸಿಘಾಟ್‌ನಿಂದ ಇಟಾನಗರಕ್ಕೆ ಬಸ್ಸು ಅಸ್ಸಾಮಿಗೆ ಇಳಿದು, ಬಯಲಲ್ಲಿ ಓಡಿ, ಮತ್ತೆ ಬೆಟ್ಟ ಹತ್ತುತ್ತಿತ್ತು. ಒಂದೇ ರಾಜ್ಯದಲ್ಲಿ ಇಷ್ಟೊಂದು ಭಾಷೆ ಯಾಕೆ, ಅಸ್ಸಾಂ ಹಿಡಿದವರು ಎಲ್ಲ ಕಣಿವೆಗಳ ಬಾಯಿಯನ್ನೂ ಹಿಡಿದಂತೆ ಯಾಕಾಯಿತು, ಮುಂದೆ ಜಿಲ್ಲೆಗಳಿಗೆ ನದಿಗಳ ಹೆಸರೇ ಯಾಕೆ ಬಂತು. ಎಲ್ಲಕ್ಕೂ ಉತ್ತರ ಈ ನೀಲಿ ಗೆರೆಗಳಲ್ಲೇ ಇದೆ. ಇಲ್ಲಿ ಅವಸರ ಬೇಡ. ಅರ್ಧ ದಿನ ಹೋದರೂ ಹೋಗಲಿ.

ಅಳತೆಯನ್ನೂ ಹೇಳಿ. ಅರುಣಾಚಲದ ವಿಸ್ತೀರ್ಣ 83,743 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಜನ 2011ರ ಗಣತಿಯಲ್ಲಿ ಸುಮಾರು 13.8 ಲಕ್ಷ. ಚದರ ಕಿಲೋಮೀಟರಿಗೆ 17 ಜನ. ನಮ್ಮಲ್ಲಿ ಅದು 319.

ಈಗ ಹಸಿರು ಪೆನ್ನು. ನದಿಗಳ ಪಕ್ಕ ಜನರ ಹೆಸರು ಬರೆಯಿರಿ. ತವಾಂಗ್ ಕಡೆ ಮೋನ್ಪಾ. ಕಾಮೆಂಗ್ ಸುತ್ತ ಶೆರ್ಡುಕ್ಪೆನ್, ಅಕಾ. ನಡುವೆ ನ್ಯಿಶಿ, ತಾಗಿನ್. ಝಿರೋ ಬಯಲಲ್ಲಿ ಅಪತಾನಿ. ಸಿಯಾಂಗ್ ಉದ್ದಕ್ಕೆ ಆದಿ, ಅದರ ಪಶ್ಚಿಮಕ್ಕೆ ಗಾಲೋ. ದಿಬಾಂಗ್, ಲೋಹಿತ್ ಕಣಿವೆಗಳಲ್ಲಿ ಮಿಶ್ಮಿ. ಕೆಳಗೆ ಖಾಮ್ತಿ, ಸಿಂಗ್ಫೋ. ತಿರಪ್ ಕಡೆ ನೋಕ್ಟೆ, ವಾಂಚೋ, ತಾಂಗ್ಸಾ. ಇವು ಮುಖ್ಯವಾದವು ಮಾತ್ರ.

ಹಳೆಯ ಕಾಗದಪತ್ರಗಳಲ್ಲಿ ಬೇರೆ ಹೆಸರುಗಳು ಸಿಗುತ್ತವೆ. ಆದಿಗಳನ್ನು 'ಅಬೋರ್' ಎನ್ನುತ್ತಿದ್ದರು, ನ್ಯಿಶಿಗಳನ್ನು 'ಡಫ್ಲಾ' ಎನ್ನುತ್ತಿದ್ದರು. ಎರಡೂ ಬಯಲಿನವರು ಇಟ್ಟ ಹೆಸರು. ಅಬೋರ್ ಅಂದರೆ ಅಂಕೆಗೆ ಸಿಗದವರು. ಅವರು ತಮ್ಮನ್ನು ಹಾಗೆ ಕರೆದುಕೊಂಡವರಲ್ಲ. ಡಫ್ಲಾ ಹೆಸರನ್ನು ಸರ್ಕಾರಿ ಪಟ್ಟಿಯಿಂದ ತೆಗೆದು ನ್ಯಿಶಿ ಎಂದು ಬರೆಯಲು 2008ರವರೆಗೆ ಕಾಯಬೇಕಾಯಿತು. ನನ್ನ ನಿಯಮ ಇಷ್ಟೇ: ಹಳೆಯ ಹೆಸರು ಆ ಕಾಲದ ಯುದ್ಧದ ಹೆಸರಲ್ಲೋ ಕಚೇರಿಯ ಹೆಸರಲ್ಲೋ ಬಂದರೆ ಮಾತ್ರ ಹೇಳಬೇಕು. ಜನರನ್ನು ಅವರ ಹೆಸರಿನಿಂದಲೇ ಕರೆಯಬೇಕು. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ.

ಬರವಣಿಗೆ ಇಲ್ಲದ ಜನರಿಗೆ ಇತಿಹಾಸ ಎಲ್ಲಿಂದ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲಿನ ಮಕ್ಕಳು ನನಗೆ ಹೇಳಿದ ಕಥೆ ಇದು. ದೇವರು ಎಲ್ಲರಿಗೂ ಅಕ್ಷರ ಕೊಟ್ಟನಂತೆ. ಬೆಟ್ಟದವರಿಗೆ ಜಿಂಕೆ ಚರ್ಮದ ಮೇಲೆ ಬರೆದುಕೊಟ್ಟ. ದಾರಿಯಲ್ಲಿ ಹಸಿವಾಯಿತು, ಚರ್ಮ ಸುಟ್ಟು ತಿಂದುಬಿಟ್ಟರು. ಹಾಗಾಗಿ ವಿದ್ಯೆ ಹೊಟ್ಟೆಯೊಳಗಿದೆ, ಬಾಯಿಂದ ಬರುತ್ತದೆ. ಆದಿಗಳು ಆಬಾಂಗ್ ಎಂಬ ಹಾಡುಗಥೆಗಳನ್ನು ರಾತ್ರಿಯಿಡೀ ಹಾಡುತ್ತಾರೆ. ಯಾವ ಕುಲ ಯಾವ ಕಣಿವೆಯಿಂದ ಇಳಿದು ಬಂತು ಅನ್ನುವುದೆಲ್ಲ ಬಾಯಲ್ಲೇ ಇದೆ. ಊರಿನ ನ್ಯಾಯಕ್ಕೆ ಕೆಬಾಂಗ್ ಎಂಬ ಸಭೆ ಇದೆ. 1826ಕ್ಕೆ ಮುಂಚೆ ಎಲ್ಲಿದ್ವಿ ಎಂದು ಕೇಳಿದ ಹುಡುಗನಿಗೆ ಮರುವರ್ಷ ಈ ಶೀಟ್ ತೋರಿಸಿದೆ. ಅವನು ತನ್ನ ಕುಲದ ಹೆಸರನ್ನು ಸಿಯಾಂಗ್ ಪಕ್ಕ ತಾನೇ ಬರೆದ.

ಒಂದನೇ ಬಟರ್ ಪೇಪರ್: ಸಾದಿಯಾ ಮತ್ತು ಇನ್ನರ್ ಲೈನ್

ಶೀಟಿನ ಮೇಲೆ ಹಾಳೆ ಹಾಸಿ, ಕ್ಲಿಪ್ಪು ಹಾಕಿ. ಸಿಯಾಂಗ್, ದಿಬಾಂಗ್, ಲೋಹಿತ್ ಸೇರುವ ಜಾಗದ ಹತ್ತಿರ ಒಂದು ಚುಕ್ಕೆ ಇಡಿ. ಅದು ಸಾದಿಯಾ, ಬ್ರಿಟಿಷರ ಕಾಲದ ಕೊನೆಯ ಠಾಣೆ. ಈ ಕಡೆಯ ಬೆಟ್ಟಕ್ಕೆ ಹೊರಟವರು ಹೆಚ್ಚಾಗಿ ಇಲ್ಲಿಂದಲೇ ಹೊರಟರು. 1826-27ರಲ್ಲಿ ವಿಲ್ಕಾಕ್ಸ್ ಎಂಬ ಸೇನಾಧಿಕಾರಿ ಲೋಹಿತ್ ಗುಂಟ ಮಿಶ್ಮಿಗಳ ನಾಡಿಗೆ ಹೋದ. 1836ರಲ್ಲಿ ಗ್ರಿಫಿತ್ ಗಿಡಮರ ಹುಡುಕುತ್ತಾ ಅದೇ ಕಡೆ ಹೋದ. 1854ರಲ್ಲಿ ಕ್ರಿಕ್ ಮತ್ತು ಬೂರಿ ಎಂಬ ಇಬ್ಬರು ಫ್ರೆಂಚ್ ಪಾದ್ರಿಗಳು ಅದೇ ದಾರಿಯಲ್ಲಿ ಕೊಲೆಯಾದರು. ಇವನ್ನೆಲ್ಲ ಪಟಪಟ ಹೇಳಿ ಮುಗಿಸಿ.

ನಿಲ್ಲಬೇಕಾದ್ದು ಟೀ ಗಿಡದ ಬಳಿ. ಅಸ್ಸಾಮಿನ ಕಾಡು ಟೀ ಬಗ್ಗೆ ಬ್ರಿಟಿಷರಿಗೆ ಗೊತ್ತಾದದ್ದು ಸಿಂಗ್ಫೋಗಳಿಂದ. ಅವರು ಮೊದಲಿಂದಲೂ ಅದನ್ನು ಕುಡಿಯುತ್ತಿದ್ದರು. 1839ರಲ್ಲಿ ಅಸ್ಸಾಂ ಕಂಪನಿ ಶುರುವಾಯಿತು. ತೋಟಗಳು ಬಯಲು ತುಂಬಿ ಬೆಟ್ಟದ ಬುಡಕ್ಕೆ ಬಂದವು. ರಬ್ಬರ್ ಕೊಯ್ಯುವವರು, ಆನೆ ಹಿಡಿಯುವವರು ಇನ್ನೂ ಒಳಗೆ ನುಗ್ಗಿದರು. ಜಗಳ ಹೆಚ್ಚಿತು.

ಇನ್ನೊಂದು ಜಗಳ ಪೋಸಾದ್ದು. ಬ್ರಿಟಿಷರಿಗೆ ಮುಂಚೆ ಅಸ್ಸಾಂ ಆಳುತ್ತಿದ್ದ ಅಹೋಮ್ ರಾಜರ ಕಾಲದಲ್ಲಿ ಬೆಟ್ಟದ ಕೆಲವು ಊರುಗಳಿಗೆ ಬುಡದ ಹಳ್ಳಿಗಳಿಂದ ವರ್ಷಕ್ಕಿಷ್ಟು ವಸ್ತು ತೆಗೆದುಕೊಂಡು ಹೋಗುವ ಹಕ್ಕು ಇತ್ತು. ಅದಕ್ಕೆ ಪೋಸಾ ಎನ್ನುತ್ತಿದ್ದರು. ಬ್ರಿಟಿಷರಿಗೆ ಅದು ಸುಲಿಗೆಯಂತೆ ಕಂಡಿತು. ಬೆಟ್ಟದವರಿಗೆ ಅದು ಹಳೆಯ ಕರಾರು. ನಮ್ಮ ಕಡೆ ಉಪ್ಪು ಘಟ್ಟ ಹತ್ತುತ್ತಿತ್ತು, ಅಕ್ಕಿ, ಮೆಣಸು ಘಟ್ಟ ಇಳಿಯುತ್ತಿತ್ತು ಅಲ್ವಾ. ಆ ದಾರಿಗೆ ಯಾರೋ ದೂರದವರು ಬಂದು ಬೇಲಿ ಹಾಕಿದರೆ ಹೇಗಿರುತ್ತಿತ್ತು ಎಂದು ಮಲೆನಾಡಿನ ಮಕ್ಕಳನ್ನು ಕೇಳಿ. ತಟ್ಟನೆ ಅರ್ಥವಾಗುತ್ತದೆ.

ಈಗ ಕಪ್ಪು ಪೆನ್ನಿನಲ್ಲಿ ಬೆಟ್ಟದ ಬುಡದುದ್ದಕ್ಕೂ ಒಂದು ಗೆರೆ. ಇದೇ 1873ರ ಕಾನೂನು ತಂದ ಇನ್ನರ್ ಲೈನ್. ಪಾಸ್ ಇಲ್ಲದೆ ಬಯಲಿನವರು ಇದನ್ನು ದಾಟುವಂತಿಲ್ಲ. ಇದು ದೇಶದ ಗಡಿಯಲ್ಲ ಎಂದು ಎರಡೆರಡು ಸಲ ಹೇಳಿ. ಆಚೆಗೂ ನಮ್ಮ ಮಾತು ನಡೆಯಬೇಕು, ಆದರೆ ಆಡಳಿತದ ಖರ್ಚು ಬೇಡ ಎಂಬುದು ಆಗಿನ ಸರ್ಕಾರದ ಲೆಕ್ಕ. ಬ್ರಿಟಿಷರು ತಮ್ಮ ತೋಟ, ವ್ಯಾಪಾರ ಉಳಿಸಿಕೊಳ್ಳಲು ಎಳೆದ ಗೆರೆ ಇದು. ಇವತ್ತು ಅಲ್ಲಿನ ಜನ ಅದೇ ಗೆರೆಯನ್ನು ತಮ್ಮ ನೆಲಕ್ಕೆ ಕಾವಲಾಗಿ ಹಿಡಿದುಕೊಂಡಿದ್ದಾರೆ. ನೀವು ಈಗ ತವಾಂಗ್ ನೋಡಲು ಹೋದರೆ ಮಾಡಿಸುವ ಪರ್ಮಿಟ್ಟಿನ ಬೇರು 1873ರಲ್ಲಿದೆ.

ಪ್ರತಿ ಗೆರೆಗೂ ಎರಡು ಪ್ರಶ್ನೆ ಕೇಳುವ ಅಭ್ಯಾಸ ಇಲ್ಲಿಂದ ಶುರು ಮಾಡಿ. ಯಾರು ಎಳೆದರು? ಎಳೆದಾಗ ಅಲ್ಲಿದ್ದವರಿಗೆ ಗೊತ್ತಿತ್ತಾ? ಉತ್ತರವನ್ನು ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಸಿ. ಮುಂದಿನ ಎಲ್ಲ ಹಾಳೆಗೂ ಇದೇ.

ಎರಡನೇ ಹಾಳೆ: ನಡೆದವರು

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗುವ ಹಾಳೆ ಇದು. ನನಗೂ ಹಾಗೇ. ಇಲ್ಲಿ ಗೆರೆಗಳನ್ನು ಚುಕ್ಕೆ ಚುಕ್ಕೆಯಾಗಿ ಹಾಕಿ, ಹೆಜ್ಜೆಗಳ ಹಾಗೆ.

ಮೊದಲ ದಾರಿ ನೈನ್ ಸಿಂಗ್ ರಾವತ್‌ನದು. ಕುಮಾವೂಂ ಬೆಟ್ಟದ ಮೇಷ್ಟ್ರು. ಟಿಬೆಟ್‌ಗೆ ಯುರೋಪಿನವರು ಕಾಲಿಡುವಂತಿರಲಿಲ್ಲ, ಅದಕ್ಕೆ ಸರ್ವೆ ಇಲಾಖೆ ಇವನಂಥವರಿಗೆ ತರಬೇತಿ ಕೊಟ್ಟು ವೇಷ ಹಾಕಿಸಿ ಕಳಿಸಿತು. ಕೈಯಲ್ಲಿ ಜಪಮಾಲೆ, ಅದರಲ್ಲಿ 108 ಮಣಿಗಳ ಬದಲು 100. ನೂರು ಹೆಜ್ಜೆಗೆ ಒಂದು ಮಣಿ. 1874ರಲ್ಲಿ ಲೇಹ್‌ನಿಂದ ಹೊರಟು ಲಾಸಾ ತಲುಪಿ, ತವಾಂಗ್ ಮೇಲೆ ಇಳಿದು, 1875ರ ಮಾರ್ಚ್‌ನಲ್ಲಿ ಅಸ್ಸಾಮಿನ ಉದಲಗುರಿ ಸೇರಿದ. ತವಾಂಗ್ ನಕ್ಷೆಯ ಮೇಲೆ ಬಂದದ್ದು ಹೀಗೆ, ಒಬ್ಬ ಮೇಷ್ಟ್ರ ಹೆಜ್ಜೆಯಿಂದ. ಮಕ್ಕಳಿಗೆ ಅಂಗಳದಲ್ಲಿ ಇದನ್ನು ಮಾಡಿಸಿ. ನೂರು ಹೆಜ್ಜೆಗೆ ಒಂದು ಹುಣಸೆ ಬೀಜ ಜೇಬಿಗೆ. ಮನೆಯಿಂದ ಬಸ್ ಸ್ಟಾಂಡ್‌ವರೆಗೆ ಅಳೆದು ಬರಲಿ.

ಎರಡನೆಯವನು ಕಿಂತಪ್. ಸಿಕ್ಕಿಮಿನವನು, ಡಾರ್ಜಿಲಿಂಗ್‌ನಲ್ಲಿದ್ದ. ಓದು ಬರಹ ಬಾರದು. ಆಗ ದೊಡ್ಡ ಪ್ರಶ್ನೆ ಒಂದಿತ್ತು. ಟಿಬೆಟ್‌ನಲ್ಲಿ ಪೂರ್ವಕ್ಕೆ ಹರಿದು ಬೆಟ್ಟದೊಳಗೆ ಮಾಯವಾಗುವ ಸಾಂಗ್‌ಪೋ, ಇಲ್ಲಿ ಬ್ರಹ್ಮಪುತ್ರವಾಗಿ ಬರುವ ನೀರು ಒಂದೇನಾ? 1880ರಲ್ಲಿ ಸರ್ವೆ ಇಲಾಖೆಯ ಕ್ಯಾಪ್ಟನ್ ಹಾರ್ಮನ್ ಒಬ್ಬ ಲಾಮಾನನ್ನು, ಅವನ ಜೊತೆಗೆ ಸಹಾಯಕನಾಗಿ ಕಿಂತಪ್‌ನನ್ನು ಕಳಿಸಿದ. ಮೇಲಿನಿಂದ ಗುರುತು ಮಾಡಿದ ಮರದ ತುಂಡು ಬಿಡಬೇಕು, ಕೆಳಗೆ ಅಸ್ಸಾಮಿನಲ್ಲಿ ಕಾದು ನೋಡುತ್ತಾರೆ. ಲಾಮಾ ಕೈಕೊಟ್ಟ. ಕಿಂತಪ್‌ನನ್ನು ಜೀತಕ್ಕೆ ಮಾರಿ ಹೊರಟುಹೋದ. ಕಿಂತಪ್ ತಪ್ಪಿಸಿಕೊಂಡು ಒಂದು ಮಠದ ಆಸರೆ ಪಡೆದ. ಅಲ್ಲೂ ಆಳಾಗಿ ದುಡಿಯುತ್ತಾ, ಯಾತ್ರೆಯ ನೆಪದಲ್ಲಿ ರಜೆ ಕೇಳಿಕೊಂಡು ಹೋಗಿ, 500 ತುಂಡು ಕಡಿದು ಬಚ್ಚಿಟ್ಟ. ಯಾವ ದಿನ ಬಿಡುತ್ತೇನೆ ಎಂದು ಲಾಸಾಗೆ ನಡೆದು ಹೋಗಿ ಪತ್ರ ಬರೆಸಿ ಕಳಿಸಿದ. ಹೇಳಿದ ದಿನದಿಂದ ದಿನಕ್ಕೆ 50ರಂತೆ ಹತ್ತು ದಿನ ನದಿಗೆ ಬಿಟ್ಟ. ಪತ್ರ ಹಾರ್ಮನ್‌ಗೆ ಮುಟ್ಟಲೇ ಇಲ್ಲ. ಅಷ್ಟೂ ತುಂಡು ಯಾರ ಕಣ್ಣಿಗೂ ಬೀಳದೆ ಹರಿದು ಹೋದವು. ನಾಲ್ಕು ವರ್ಷದ ಮೇಲೆ, 1884ರಲ್ಲಿ ವಾಪಸ್ ಬಂದು ಕಂಡದ್ದನ್ನೆಲ್ಲ ಹೇಳಿದ. ಪೂರ್ತಿ ನಂಬಿದವರು ಕಮ್ಮಿ. 1913ರಲ್ಲಿ ಬೈಲಿ, ಮೋರ್ಸ್‌ಹೆಡ್ ಎಂಬ ಅಧಿಕಾರಿಗಳು ಆ ಕಣಿವೆ ನಡೆದು ನೋಡಿದಾಗ, ಅವನು ನೆನಪಿನಿಂದ ಹೇಳಿದ್ದು ಬಹುಪಾಲು ಸರಿ ಇತ್ತು. ಬೈಲಿ ಅವನನ್ನು ಹುಡುಕಿಸಿ ಸಾವಿರ ರೂಪಾಯಿ ಬಹುಮಾನ ಕೊಡಿಸಿದ.

ಮಳೆಗಾಲವಾದರೆ ಮಕ್ಕಳನ್ನು ಹಳ್ಳದ ಹತ್ತಿರ ಕರೆದುಕೊಂಡು ಹೋಗಿ. ಒಬ್ಬರು ಮೇಲಿನಿಂದ ದಾರ ಕಟ್ಟಿದ ಹತ್ತು ಕಡ್ಡಿ ಬಿಡಲಿ. ಕೆಳಗಿದ್ದವರಿಗೆ ಯಾವಾಗ ಎಂದು ಹೇಳಬೇಡಿ. ನಮ್ಮಲ್ಲಿ ಹತ್ತರಲ್ಲಿ ಒಂದು ಸಿಕ್ಕಿದ್ದೇ ಜಾಸ್ತಿ. ಆ ಸಂಜೆ ಮಕ್ಕಳು ಕಿಂತಪ್ ಬಗ್ಗೆ ಮಾತಾಡುವ ರೀತಿಯೇ ಬದಲಾಗಿತ್ತು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ನಕ್ಷೆಯಲ್ಲಿ ಅವನ ಹೆಸರನ್ನು ಬೈಲಿಗಿಂತ ದೊಡ್ಡದಾಗಿ ಬರೆದಳು. ನಾನು ತಿದ್ದಲಿಲ್ಲ.

ಮೂರನೇ ಹಾಳೆ: 1911, 1914

ಪಾಸಿಘಾಟ್‌ನಿಂದ ಸಿಯಾಂಗ್ ಗುಂಟ ಮೇಲೆ ಕೊಮ್ಸಿಂಗ್ ಎಂಬ ಊರು. ಅಲ್ಲಿ ಕೆಂಪು ಚುಕ್ಕೆ ಇಡಿ. 1911ರ ಮಾರ್ಚ್ 31ರಂದು ಸಾದಿಯಾದ ಅಧಿಕಾರಿ ನೋಯೆಲ್ ವಿಲಿಯಂಸನ್‌ನನ್ನು ಆದಿಗಳು ಕೊಂದರು. ಜೊತೆಗಿದ್ದ ಡಾಕ್ಟರ್ ಗ್ರೆಗರ್ಸನ್ ಕೂಡ ಪಾಂಗಿಯಲ್ಲಿ ಹತನಾದ. ಮುಂದಾಳು ಯಾಗ್ರುಂಗ್ ಊರಿನ ಮಾಟ್ಮುರ್ ಜಮೋ. ಬ್ರಿಟಿಷ್ ಕಾಗದಗಳಲ್ಲಿ ಇದು ಕೊಲೆ ಕೇಸು. ಆದಿಗಳ ಮನೆಗಳಲ್ಲಿ, ಕೇಳದೆ ಒಳಗೆ ಬಂದವರನ್ನು ತಡೆದ ಕಥೆ. ಎರಡನ್ನೂ ಹಾಳೆಯ ಮೇಲೆ ಬರೆಸಿ. ಅದೇ ವರ್ಷದ ಕೊನೆಗೆ ಮೇಜರ್ ಜನರಲ್ ಬೋವರ್ ದೊಡ್ಡ ಸೈನ್ಯ ತಂದ. ಕೆಕರ್ ಮೊನ್ಯಿಂಗ್ ಎಂಬ ಬಂಡೆಯ ಮೇಲಿಂದ ಆದಿಗಳು ಕಲ್ಲು ಉರುಳಿಸಿ, ಬಾಣ ಬಿಟ್ಟು ತಡೆದರು. ಬಂದೂಕಿನ ಮುಂದೆ ಅದು ಹೆಚ್ಚು ದಿನ ನಡೆಯಲಿಲ್ಲ. ಊರುಗಳನ್ನು ಸುಟ್ಟರು. ಮಾಟ್ಮುರ್ ಜಮೋನನ್ನು ಅಂಡಮಾನಿಗೆ ಕಳಿಸಿದರು.

ಸೈನ್ಯದ ಜೊತೆಗೇ ಸರ್ವೆಯವರು ಬಂದರು. ಅದಕ್ಕೆ ಕಾರಣ ಪೂರ್ವದಲ್ಲಿತ್ತು. 1910ರಲ್ಲಿ ಚೀನಾದ ಸೈನ್ಯ ಲೋಹಿತ್ ಮೇಲ್ಕಣಿವೆಯ ರೀಮಾ ತನಕ ಬಂದಿತ್ತು. ಇಷ್ಟು ವರ್ಷ ಬುಡದಲ್ಲೇ ಕೂತಿದ್ದ ಬ್ರಿಟಿಷರಿಗೆ ಈಗ ಬೆಟ್ಟದ ನೆತ್ತಿಯ ಮೇಲೆ ಗಡಿ ಬೇಕಾಯಿತು. 1913ರ ಅಕ್ಟೋಬರ್‌ನಲ್ಲಿ ಶಿಮ್ಲಾದಲ್ಲಿ ಬ್ರಿಟಿಷ್ ಇಂಡಿಯಾ, ಟಿಬೆಟ್, ಚೀನಾ ಮಾತುಕತೆಗೆ ಕೂತವು. 1914ರ ಮಾರ್ಚ್ 24-25ರಂದು ದೆಹಲಿಯಲ್ಲಿ ಬ್ರಿಟಿಷ್ ಇಂಡಿಯಾದ ಪ್ರತಿನಿಧಿ ಹೆನ್ರಿ ಮ್ಯಾಕ್‌ಮಹೋನ್ ಮತ್ತು ಟಿಬೆಟ್‌ನ ಪ್ರತಿನಿಧಿ ಲೊಂಚೆನ್ ಶಾತ್ರಾ ಪತ್ರ ಬದಲಿಸಿಕೊಂಡು ಒಂದು ಗೆರೆ ಒಪ್ಪಿದರು. ಚೀನಾ ಆ ಮಾತುಕತೆಯ ಒಪ್ಪಂದವನ್ನು ಕೊನೆಗೆ ಒಪ್ಪಲಿಲ್ಲ. ಈ ಗೆರೆಯನ್ನು ಇವತ್ತಿಗೂ ಒಪ್ಪಿಲ್ಲ.

ಈಗ ಕೆಂಪು ಸ್ಕೆಚ್ ಪೆನ್ನಿನಲ್ಲಿ ಮೇಲಂಚಿನ ಉದ್ದಕ್ಕೂ ಮ್ಯಾಕ್‌ಮಹೋನ್ ಗೆರೆ. ಎಳೆದ ಮೇಲೆ ಲೆಕ್ಕ. ಮೂಲ ನಕ್ಷೆಯಲ್ಲಿ ಒಂದು ಅಂಗುಲಕ್ಕೆ ಎಂಟು ಮೈಲಿ. ಅಂದರೆ ಕಾಗದದ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು ಅರ್ಧ ಕಿಲೋಮೀಟರ್. ನಿಮ್ಮ ಪೆನ್ನಿನ ಗೆರೆ ಎಷ್ಟು ದಪ್ಪ, ಅಳೆಯಿರಿ. ಎರಡು ಮಿಲಿಮೀಟರ್ ಆದರೆ ಒಂದು ಇಡೀ ಹಳ್ಳಿ ಗೆರೆಯ ಒಳಗೇ ಮುಳುಗುತ್ತದೆ. ಆ ಊರು ಯಾವ ಕಡೆ? ಮಕ್ಕಳು ಇದನ್ನು ಚರ್ಚೆ ಮಾಡಲಿ. ನಾಲ್ಕನೇ ಹಾಳೆಗೆ ಇದು ಬೇಕಾಗುತ್ತದೆ.

ಅಂಚಿನ ಪ್ರಶ್ನೆ ಇಲ್ಲಿ ಭಾರವಾಗುತ್ತದೆ. ಮೋನ್ಪಾ, ಆದಿ, ಮಿಶ್ಮಿ ಯಾರೂ ಆ ಕೋಣೆಯಲ್ಲಿ ಇರಲಿಲ್ಲ. ಸರ್ವೆ ಆಫ್ ಇಂಡಿಯಾದ ನಕ್ಷೆಗಳಲ್ಲಿ ಈ ಗೆರೆ ಬರಲು 1937 ಆಗಬೇಕಾಯಿತು. ತವಾಂಗ್ ಗೆರೆಯ ಈಚೆ ಬಂದರೂ ಲಾಸಾದ ಅಧಿಕಾರಿಗಳು ಅಲ್ಲಿ ಕಂದಾಯ ಎತ್ತುತ್ತಲೇ ಇದ್ದರು.

ನಾಲ್ಕನೇ ಹಾಳೆ: ನೇಫಾ

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಈ ಹಾಳೆ ಹಾಸುವ ಹೊತ್ತಿಗೆ ಅವರನ್ನು ಕರೆಯಿರಿ. ಅರುಣಾಚಲದ ಹಳೆಯ ಹೆಸರಾದ 'ನೇಫಾ' ಎಂಬ ಪದ ಅವರಿಗೆ ಗೊತ್ತಿರುತ್ತದೆ, 1962ರ ರೇಡಿಯೋ ವಾರ್ತೆಯಿಂದ. ಹೆಚ್ಚಿನವರು ಈ ನಾಡಿನ ಕಥೆಯನ್ನು 1962ರಿಂದಲೇ ಶುರು ಮಾಡುತ್ತಾರೆ. ಅದಕ್ಕಿಂತ ಹಿಂದಿನ ಹನ್ನೆರಡು ವರ್ಷ ನೋಡದಿದ್ದರೆ ರಾಜ್ಯ ಹೇಗೆ ಆಯಿತು ಎಂದು ಗೊತ್ತಾಗುವುದಿಲ್ಲ.

1950ರ ಆಗಸ್ಟ್ 15ರ ಸಂಜೆ 8.6 ತೀವ್ರತೆಯ ಭೂಕಂಪ. ಬೆಟ್ಟ ಕುಸಿದು ನದಿಗಳಿಗೆ ಕಟ್ಟೆ ಕಟ್ಟಿದವು, ಕಟ್ಟೆ ಒಡೆದು ಊರುಗಳು ಹೋದವು. ನದಿಯ ಪಾತ್ರವೇ ಬದಲಾಗಿ ಹಳೆಯ ಸಾದಿಯಾವನ್ನು ನುಂಗಿತು. ಒಂದನೇ ಹಾಳೆಯ ಆ ಚುಕ್ಕೆಯ ಸುತ್ತ ಈಗ ಪೆನ್ಸಿಲ್‌ನಲ್ಲಿ ಒಂದು ಖಾಲಿ ಸುತ್ತು ಹಾಕಿಸಿ.

1951ರ ಫೆಬ್ರುವರಿಯಲ್ಲಿ ಮೇಜರ್ ಬಾಬ್ ಖಾತಿಂಗ್ ಸುಮಾರು 200 ಅಸ್ಸಾಂ ರೈಫಲ್ಸ್ ಸೈನಿಕರ ಜೊತೆ ಸೇಲಾ ಎಂಬ ಎತ್ತರದ ಘಾಟಿ ದಾಟಿ ತವಾಂಗ್‌ಗೆ ನಡೆದ. ಮಣಿಪುರದ ತಾಂಗ್‌ಖುಲ್ ನಾಗಾ ಆತ. ಗುಂಡು ಹಾರಿಸದೆ ಭಾರತದ ಆಡಳಿತ ಅಲ್ಲಿ ನೆಲೆಯಾಯಿತು. 1953ರಲ್ಲಿ ಅಚಿಂಗ್‌ಮೋರಿಯಲ್ಲಿ ತಾಗಿನ್‌ಗಳು ಅಸ್ಸಾಂ ರೈಫಲ್ಸ್ ತಂಡದ ಮೇಲೆ ಬಿದ್ದು 40ಕ್ಕೂ ಹೆಚ್ಚು ಜನರನ್ನು ಕೊಂದರು. ಹಳ್ಳಿಗಳ ಮೇಲೆ ಬಾಂಬ್ ಹಾಕುವ ಮಾತು ಬಂತು. ನೆಹರು ಒಪ್ಪಲಿಲ್ಲ. ತಪ್ಪಿತಸ್ಥರನ್ನು ಹಿಡಿದು ವಿಚಾರಣೆ ಮಾಡಿದರು, ಊರು ಸುಡಲಿಲ್ಲ. ಈ ಹಾಳೆಯನ್ನು ಎತ್ತಿ ಕೆಳಗಿನ 1911ರ ಕೆಂಪು ಚುಕ್ಕೆ ತೋರಿಸಿ. ನನ್ನ ಮಟ್ಟಿಗೆ ಅರುಣಾಚಲ ರಾಜ್ಯದ ಬುನಾದಿ ಬಿದ್ದದ್ದು ಆ ತೀರ್ಮಾನದಲ್ಲಿ.

1954ರಲ್ಲಿ ಹೆಸರು ಬಂತು: ನಾರ್ತ್ ಈಸ್ಟ್ ಫ್ರಾಂಟಿಯರ್ ಏಜೆನ್ಸಿ, ಚಿಕ್ಕದಾಗಿ ನೇಫಾ. ವಿಭಾಗಗಳಿಗೆ ಕಾಮೆಂಗ್, ಸುಬನ್‌ಸಿರಿ, ಸಿಯಾಂಗ್, ಲೋಹಿತ್, ತಿರಪ್ ಎಂದು ಹೆಸರಿಟ್ಟರು. ನೀಲಿ ಗೆರೆಗಳನ್ನು ಮಕ್ಕಳೇ ಗುರುತಿಸುತ್ತಾರೆ. ಜೊತೆಗಿದ್ದ ತುವೆನ್‌ಸಾಂಗ್ 1957ರಲ್ಲಿ ನಾಗಾ ಬೆಟ್ಟಗಳ ಕಡೆ ಸೇರಿತು. ಇಡೀ ಪ್ರದೇಶ 1965ರವರೆಗೆ ವಿದೇಶಾಂಗ ಇಲಾಖೆಯ ಕೈಯಲ್ಲಿತ್ತು. ನಮ್ಮದೇ ನೆಲ ವಿದೇಶಾಂಗದವರ ಕೈಯಲ್ಲಿ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ದೆಹಲಿಗೆ ಅದು ಇನ್ನೂ 'ಗಡಿ' ಆಗಿತ್ತು, ಊರು ಆಗಿರಲಿಲ್ಲ ಎಂದು ನಾನು ಹೇಳುತ್ತೇನೆ. ಬುಡಕಟ್ಟು ವಿಷಯಗಳ ಸಲಹೆಗಾರರಾಗಿದ್ದ ವೆರಿಯರ್ ಎಲ್ವಿನ್, ಅಲ್ಲಿನವರ ನೆಲ, ಕಾಡು, ರೀತಿ ರಿವಾಜು ಕೆಡದ ಹಾಗೆ ನಿಧಾನವಾಗಿ ಹೋಗಬೇಕು ಎಂದು ಹಿಡಿದು ನಿಂತರು. ಇದು ಜನರನ್ನು ಮ್ಯೂಸಿಯಂನಲ್ಲಿ ಇಟ್ಟಂತೆ ಎಂದು ಬೈದವರೂ ಇದ್ದರು. ಇವತ್ತಿಗೂ ಅಲ್ಲಿ ಭೂಮಿ ಊರವರ ಕೈಯಲ್ಲೇ ಇರುವುದನ್ನು ಕಂಡವಳು ನಾನು. ಆ ನಿಧಾನಕ್ಕೆ ಬೆಲೆ ಇತ್ತು ಎಂದೇ ನನ್ನ ಅನಿಸಿಕೆ.

1959ರ ಮಾರ್ಚ್ 31ಕ್ಕೆ ದಲೈ ಲಾಮಾ ತವಾಂಗ್ ಮೇಲಿನ ಗಡಿ ದಾಟಿ ಬಂದರು. ಅವರ ಹಿಂದೆ ಸಾವಿರಾರು ಜನ. ಅಸ್ಸಾಮಿನ ಮಿಸ್ಸಾಮಾರಿ ಶಿಬಿರ ದಾಟಿ ಕೆಲವರು ನಮ್ಮ ಬೈಲಕುಪ್ಪೆಗೂ ಬಂದರು. ಮೈಸೂರಿನ ಕಡೆಯವರಾದರೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಅಲ್ಲಿನ ಮಠಗಳಲ್ಲಿ ತವಾಂಗ್‌ನ ಮೋನ್ಪಾ ಹುಡುಗರೂ ಓದುತ್ತಾರೆ. ಊರು ಎಲ್ಲಿ ಎಂದು ನಯವಾಗಿ ಕೇಳಿ, ಈ ನಕ್ಷೆಯಲ್ಲಿ ತೋರಿಸಲು ಹೇಳಿ. ಅದೇ 1959ರ ಆಗಸ್ಟ್‌ನಲ್ಲಿ ಗಡಿಯ ಲೊಂಗ್‌ಜುನಲ್ಲಿ ಭಾರತ, ಚೀನಾ ಕಡೆಯವರ ನಡುವೆ ಗುಂಡು ಹಾರಿತು, ಗಡಿ ಕಾಯುವ ಕೆಲಸ ಸೈನ್ಯಕ್ಕೆ ಬಂತು. ಆಗ ಸೈನ್ಯದ ಮುಖ್ಯಸ್ಥರು ಕೊಡಗಿನ ಜನರಲ್ ತಿಮ್ಮಯ್ಯ.

ಚೀನಾ ಜೊತೆಗಿನ ಯುದ್ಧವನ್ನು ಚಿಕ್ಕದಾಗಿ ಹೇಳಿ. ನಾಮ್ಕಾ ಚು ಎಂಬ ಹೊಳೆ, ಅದರ ಉತ್ತರಕ್ಕೆ ಥಾಗ್ಲಾ ದಿಣ್ಣೆ. ಕಾಗದದ ಗೆರೆ ಒಂದು ಕಡೆ, ನೀರು ಹಂಚಿಹೋಗುವ ದಿಣ್ಣೆ ಇನ್ನೊಂದು ಕಡೆ. ದಪ್ಪ ಪೆನ್ನಿನ ಲೆಕ್ಕ ಈಗ ನೆನಪು ಮಾಡಿ. 1962ರ ಅಕ್ಟೋಬರ್ 20ರಂದು ಅಲ್ಲೇ ಚೀನಾದ ದಾಳಿ ಶುರುವಾಯಿತು. ಕೆಲವೇ ದಿನಗಳಲ್ಲಿ ತವಾಂಗ್, ನವೆಂಬರ್‌ನಲ್ಲಿ ವಾಲೊಂಗ್, ಸೇಲಾ, ಬೊಮ್ಡಿಲಾ ಕೈಬಿಟ್ಟವು. ನವೆಂಬರ್ 21ಕ್ಕೆ ಚೀನಾ ಕದನ ವಿರಾಮ ಸಾರಿ, ಆಮೇಲೆ ಹಿಂದೆ ಸರಿಯಿತು. ಬೊಮ್ಡಿಲಾ ಕಡೆಯ ನನ್ನ ಸಹೋದ್ಯೋಗಿಯೊಬ್ಬರ ತಾಯಿ, ಎರಡು ವರ್ಷದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅಸ್ಸಾಮಿಗೆ ನಡೆದದ್ದನ್ನು ನನಗೆ ಹೇಳಿದ್ದರು. ಅವರು ಸೈನ್ಯದ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಮನೆಯಲ್ಲಿ ಬಿಟ್ಟು ಬಂದ ಹಸುಗಳ ಬಗ್ಗೆ ಹೇಳಿದರು.

ಐದನೇ ಹಾಳೆ: ವಿಳಾಸಗಳು

ಯುದ್ಧವಾದ ಮೇಲೆ ದೆಹಲಿಗೆ ಅವಸರ ಬಂತು. ರಸ್ತೆ, ಶಾಲೆ, ಕಚೇರಿ. ಡೇಯಿಂಗ್ ಎರಿಂಗ್ ಅವರ ಸಮಿತಿ ಕೆಬಾಂಗ್‌ನಂಥ ಊರಸಭೆಗಳ ಮೇಲೇ ಪಂಚಾಯಿತಿ ಕಟ್ಟಬೇಕು ಎಂದಿತು. ಅವರು ಸ್ವತಃ ಪಾಸಿಘಾಟ್ ಕಡೆಯ ಆದಿ. 1967ರಲ್ಲಿ ಪಂಚಾಯಿತಿ ಕಾನೂನು. 1972ರ ಜನವರಿಯಲ್ಲಿ ಕೇಂದ್ರಾಡಳಿತ ಪ್ರದೇಶ, ಹೊಸ ಹೆಸರು ಅರುಣಾಚಲ. 1974ರಲ್ಲಿ ರಾಜಧಾನಿ ಶಿಲ್ಲಾಂಗ್‌ನಿಂದ ಇಟಾನಗರಕ್ಕೆ. 1975ರಲ್ಲಿ ಪ್ರೇಮ್ ಖಂಡು ತುಂಗನ್ ಮೊದಲ ಮುಖ್ಯಮಂತ್ರಿ. 1978ರಲ್ಲಿ ಮೊದಲ ವಿಧಾನಸಭಾ ಚುನಾವಣೆ. 1987ರ ಫೆಬ್ರುವರಿ 20ಕ್ಕೆ ದೇಶದ 24ನೇ ರಾಜ್ಯ, ಗೆಗಾಂಗ್ ಅಪಾಂಗ್ ಮುಖ್ಯಮಂತ್ರಿ.

ಇಷ್ಟನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೆ ಈ ಹಾಳೆಯಲ್ಲಿ ಗೆರೆ ಎಳೆಯಬೇಡಿ. ಸಿಯಾಂಗ್ ಪಕ್ಕ ಪಾಂಗಿನ್ ಎಂಬ ಊರು ಗುರುತಿಸಿ, ಅದರ ವಿಳಾಸ ಬರೆಸಿ.

ಪಾಂಗಿನ್‌ನಲ್ಲಿ ನನ್ನ ಶಿಷ್ಯನ ಅಜ್ಜ ಇದ್ದರು. ಸೈನ್ಯ ಬಂದ ಚಳಿಗಾಲದಲ್ಲಿ ಹುಟ್ಟಿದ್ದು ಎಂದು ಅವರ ತಾಯಿ ಹೇಳುತ್ತಿದ್ದರಂತೆ, ಅಂದರೆ 1911. ಆಗ ಆ ಊರು ಇನ್ನರ್ ಲೈನಿನ ಆಚೆ, ಯಾವ ಜಿಲ್ಲೆಯೂ ಅಲ್ಲ. 1914ರಲ್ಲಿ ನಾರ್ತ್ ಈಸ್ಟ್ ಫ್ರಾಂಟಿಯರ್ ಟ್ರಾಕ್ಟ್. 1919ರಲ್ಲಿ ಸಾದಿಯಾ ಫ್ರಾಂಟಿಯರ್ ಟ್ರಾಕ್ಟ್. 1948ರಲ್ಲಿ ಅಬೋರ್ ಹಿಲ್ಸ್ ಜಿಲ್ಲೆ. 1954ರಲ್ಲಿ ಸಿಯಾಂಗ್ ಫ್ರಾಂಟಿಯರ್ ಡಿವಿಜನ್, ನೇಫಾ. 1965ರಲ್ಲಿ ಸಿಯಾಂಗ್ ಜಿಲ್ಲೆ. 1972ರಲ್ಲಿ ಸಿಯಾಂಗ್ ಜಿಲ್ಲೆ, ಅರುಣಾಚಲ. 1980ರಲ್ಲಿ ಪೂರ್ವ ಸಿಯಾಂಗ್. ಇದನ್ನೆಲ್ಲ ಒಂದರ ಕೆಳಗೊಂದು ಬರೆಸಿ, ಪಕ್ಕದಲ್ಲಿ ಅಜ್ಜನ ವಯಸ್ಸು ಬರೆಸಿ: ಮೂರು, ಎಂಟು, ಮೂವತ್ತೇಳು, ಹೀಗೆ.

ರಾಜ್ಯವಾದ ದಿನ ಪಾಸಿಘಾಟ್‌ನಲ್ಲಿ ನಾವು ಶಾಲೆಯ ಅಂಗಳದಲ್ಲಿ ಧ್ವಜ ಹಾರಿಸಿ, ಇಟಾನಗರದ ಸಮಾರಂಭವನ್ನು ರೇಡಿಯೋದಲ್ಲಿ ಕೇಳಿದೆವು. ಪ್ರಧಾನಿ ರಾಜೀವ್ ಗಾಂಧಿ ಅಲ್ಲಿಗೆ ಬಂದಿದ್ದರು. ಮುಂದಿನ ವಾರ ಶಿಷ್ಯನ ಜೊತೆ ಪಾಂಗಿನ್‌ಗೆ ಹೋದೆ. ಅಜ್ಜ ಒಲೆ ಪಕ್ಕ ಕೂತು ಬಿದಿರು ಸೀಳುತ್ತಿದ್ದರು. ರಾಜ್ಯ ಆಯಿತಂತೆ ಅಜ್ಜ ಎಂದೆ. ಮೊಮ್ಮಗ ಆದಿ ಮಾತಿನಲ್ಲಿ ಹೇಳಿದ. ಅವರು ಕೇಳಿದ ಮೊದಲ ಪ್ರಶ್ನೆ, "ಇನ್ನು ಮೇಲೆ ದೊಡ್ಡ ಸಭೆಯಲ್ಲಿ ಕೂರುವವರು ಯಾರು?" ನಮ್ಮವರೇ ಎಂದು ಮೊಮ್ಮಗ ಒಂದಷ್ಟು ಹೆಸರು ಹೇಳಿದ. ಯಾವ ಊರು, ಯಾವ ಕುಲ ಎಂದು ಅಜ್ಜ ಒಬ್ಬೊಬ್ಬರದ್ದೂ ವಿಚಾರಿಸಿದರು. ಅರ್ಧ ಗಂಟೆ ಅದೇ ಮಾತು. ಐದು ಹಾಳೆಗಳ ಅಂಚಿನಲ್ಲಿ ನಾವು ಬರೆಯುತ್ತಾ ಬಂದ ಪ್ರಶ್ನೆಯನ್ನೇ ಅವರು ಕೇಳುತ್ತಿದ್ದರು. ಈ ಸಲ ಮೊಮ್ಮಗನ ಹತ್ತಿರ ಉತ್ತರ ಇತ್ತು.

ವಿಳಾಸದ ಪಟ್ಟಿಯ ಕೆಳಗೆ ಎರಡು ಮೂರು ಸಾಲು ಖಾಲಿ ಬಿಡಿ, ಅಲ್ಲಿ ಪೆನ್ಸಿಲ್ ಮಾತ್ರ ಬಳಸಿ. 2015ರಲ್ಲಿ ಪಾಂಗಿನ್ ಮತ್ತೆ ಬದಲಾಗಿ ಹೊಸ ಸಿಯಾಂಗ್ ಜಿಲ್ಲೆಗೆ ಸೇರಿತು. ಕ್ಲಿಪ್ಪುಗಳನ್ನು ಬಿಗಿ ಮಾಡಿ, ಹಾಳೆಗಳನ್ನು ಗಾಳಿ ಬೆಳಕು ಬರುವ ಕಿಟಕಿಗೆ ತೂಗುಹಾಕಿ. ಬೆಳಕು ಹಿಂದಿನಿಂದ ಬಿದ್ದರೆ ಐದು ಹಾಳೆಯ ಕೆಳಗಿನ ನೀಲಿ ನದಿಗಳು ಕಾಣುತ್ತವೆ.